ಬೆಕ್ಕಿನ ಉಗುರು, ಗೃಹಸ್ಥನ ವ್ರತ

ಅಹಿಂಸೆ ಎಂಬುದು ಜೈನ ಗೃಹಸ್ಥನಿಗೆ ಹೊಸ ಮಾತಲ್ಲ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವುದು, ಕಂದಮೂಲಗಳನ್ನು ಬಿಡುವುದು ಮೊದಲಾದ ಆಚಾರಗಳು ಶ್ರಾವಕರ ಮನೆಗಳಲ್ಲಿ ಹುಟ್ಟಿನಿಂದಲೇ ರೂಢಿಯಾಗಿ ಬರುತ್ತವೆ. ಆದರೆ ರೂಢಿಯಾದ ಆಚಾರದಲ್ಲಿ ಮನಸ್ಸಿಗೆ ಹೆಚ್ಚಿನ ಹೋರಾಟವಿರುವುದಿಲ್ಲ. ಸೋಸುವ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿ ಯಾರ ಆಸ್ತಿಯನ್ನೂ ಕೆಡಿಸಿರುವುದಿಲ್ಲ. ಅದರ ಮೇಲೆ ಕೋಪಗೊಳ್ಳಲು ಯಾರಿಗೂ ಕಾರಣವಿರುವುದಿಲ್ಲ. ಗೃಹಸ್ಥನು ಹಣ ಕೊಟ್ಟು ತಂದು, ನಾಲ್ಕು ಜನರೆದುರು ಹೆಮ್ಮೆಯಿಂದ ತೋರಿಸುವ ವಸ್ತುವಿನ ಮೇಲೆ ಒಂದು ಜೀವಿಯು ಉಗುರಿಟ್ಟಾಗಲೇ ವ್ರತದ ನಿಜವಾದ ಪರೀಕ್ಷೆ ಆರಂಭವಾಗುತ್ತದೆ.

ಬೆಕ್ಕು ಸೋಫಾ ಪರಚುವುದು ಧರ್ಮಜಿಜ್ಞಾಸೆಗೆ ತಕ್ಕ ವಿಷಯವೇ ಎಂದು ಕೆಲವರಿಗೆ ತೋರಬಹುದು. ಆದರೆ ಪಟ್ಟಣಗಳ ಮನೆಗಳಲ್ಲಿ ಇದರಿಂದ ನಡೆಯುವುದನ್ನು ಗಮನಿಸಿದರೆ ವಿಷಯ ಸಣ್ಣದಲ್ಲವೆಂದು ತಿಳಿಯುತ್ತದೆ. ಒಂದು ಮನೆಯಲ್ಲಿ ಬೆಕ್ಕಿಗೆ ಪೊರಕೆಯ ಪೆಟ್ಟು ಬೀಳುತ್ತದೆ. ಇನ್ನೊಂದರಲ್ಲಿ ಗೋಣಿಚೀಲದಲ್ಲಿ ತುಂಬಿ ಊರಾಚೆ ಬಿಟ್ಟುಬರುವ ಏರ್ಪಾಡಾಗುತ್ತದೆ. ಮತ್ತೊಂದರಲ್ಲಿ, ಪರದೇಶದಲ್ಲಿರುವ ಬಂಧುಗಳಿಂದ ಕೇಳಿ ತಿಳಿದು, ಉಗುರುಗಳನ್ನು ಬುಡಸಹಿತ ತೆಗೆಸಿಬಿಡಬಹುದೇ ಎಂಬ ವಿಚಾರ ಏಳುತ್ತದೆ. ಈ ಮೂರೂ ಹಿಂಸೆಯ ದಾರಿಗಳೇ. ವಸ್ತುವಿಗಾಗಿ ಜೀವಕ್ಕೆ ನೋವು ಕೊಡಬಹುದೇ ಎಂಬ ಒಂದೇ ಪ್ರಶ್ನೆ ಮೂರರಲ್ಲಿಯೂ ಅಡಗಿದೆ.

ಮೊದಲು ಶಾಸ್ತ್ರದ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಬೆಕ್ಕನ್ನು ತಂದು ಸಾಕುವುದನ್ನು ಪೂರ್ವಾಚಾರ್ಯರು ಪ್ರೋತ್ಸಾಹಿಸಿಲ್ಲ. ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡವನ್ನು ವಿವರಿಸುವಾಗ ಆಯುಧಗಳ ಮಾರಾಟದೊಡನೆ ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನೂ ಸೇರಿಸಿದೆ. ಕಾರಣ ಸ್ಪಷ್ಟವಾಗಿದೆ. ಕಾಳುಕಡಿಯ ಕೋಠಿಯಲ್ಲಿ ಇಲಿ ಹಿಡಿಯಲೆಂದು ಬೆಕ್ಕನ್ನು ಇಟ್ಟವನು ತಾನು ಇಲಿಯನ್ನು ಕೊಲ್ಲಲಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲಾರನು. ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು, ಎಂದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದಲೂ ಕರ್ಮ ಒಳಬರುತ್ತದೆ. ಆಹಾರದ ತೊಡಕೂ ಇದೆ. ಬೆಕ್ಕು ಹುಟ್ಟಿನಿಂದ ಮಾಂಸಾಹಾರಿ. ಟಾರೀನ್ ಎಂಬ ಪೋಷಕಾಂಶ ಸಾಕಷ್ಟು ದೊರೆಯದಿದ್ದರೆ ಅದರ ಕಣ್ಣು ಮತ್ತು ಹೃದಯ ಕೆಡುತ್ತವೆ. ಬರಿಯ ಹಾಲು-ಅನ್ನ ಅದಕ್ಕೆ ಸಾಲದು. ಕೃತಕವಾಗಿ ತಯಾರಿಸಿದ ಟಾರೀನ್ ಬೆರೆಸಿದ ಸಸ್ಯಜನ್ಯ ಆಹಾರಗಳಿದ್ದರೂ ಪಶುವೈದ್ಯರ ನಿಗಾ ಇಲ್ಲದೆ ಅವನ್ನು ನೆಚ್ಚಬಾರದು. ಆದುದರಿಂದ ಶೋಕಿಗಾಗಿ ಅಂಗಡಿಯಿಂದ ಬೆಕ್ಕಿನ ಮರಿಯನ್ನು ಕೊಂಡು ತರುವ ಮುನ್ನ ಶ್ರಾವಕನು ಹತ್ತು ಸಲ ಯೋಚಿಸಬೇಕು.

ಆದರೆ ತಾನಾಗಿ ಬಂದು ಬಾಗಿಲಲ್ಲಿ ನಿಂತ ಜೀವಿಯ ಮಾತು ಬೇರೆ. ಬೇಟೆಗಾಗಿ ಇಟ್ಟುಕೊಳ್ಳುವುದು ಅನರ್ಥದಂಡವಾದರೆ, ಶರಣು ಬಂದುದಕ್ಕೆ ನೆರಳು ಕೊಡುವುದು ಅಭಯದಾನ. ಒಮ್ಮೆ ನೆರಳು ಕೊಟ್ಟ ಮೇಲೆ, ಅದು ಬೆಕ್ಕಿನಂತೆಯೇ ನಡೆದುಕೊಂಡಿತೆಂಬ ಕಾರಣಕ್ಕೆ ಆ ನೆರಳನ್ನು ಕಿತ್ತುಕೊಳ್ಳಬಹುದೇ ಎಂಬುದೇ ಇಲ್ಲಿಯ ವಿಚಾರ.

ಹುಬ್ಬಳ್ಳಿಯ ಒಂದು ಜವಳಿ ವ್ಯಾಪಾರಿಗಳ ಮನೆಯಲ್ಲಿ ಈ ಪ್ರಶ್ನೆ ಒಂದು ಮಳೆಗಾಲದಿಂದ ಮುಂದಿನ ಬೇಸಗೆಯವರೆಗೆ ನಡೆಯಿತು. ಮೂರು ತಲೆಮಾರುಗಳು ಒಟ್ಟಿಗಿರುವ ಮನೆ. ಜಡಿಮಳೆಯ ಒಂದು ರಾತ್ರಿ ಹಿತ್ತಲ ಬಾಗಿಲಿಗೆ ಬಂದ ಮರಿಯನ್ನು ಹತ್ತು ವರ್ಷದ ಮೊಮ್ಮಗಳು ಒಳಗೆ ತಂದಳು. ಹಿರಿಯರು ಬೇಡವೆನ್ನಲಿಲ್ಲ. ಮಳೆ ನಿಂತ ಮೇಲೂ ಮರಿ ಹೋಗಲಿಲ್ಲ. ಹೋಗೆಂದು ಹೇಳುವವರೂ ಇರಲಿಲ್ಲ. ತೊಂದರೆ ಆರಂಭವಾದದ್ದು ದೀಪಾವಳಿಯ ಹೊತ್ತಿಗೆ. ಹಿರಿಯರ ತಂದೆಯ ಕಾಲದ ಸಾಗವಾನಿ ಸೋಫಾಕ್ಕೆ ಹಬ್ಬಕ್ಕೆಂದು ಹೊಸ ಬಟ್ಟೆ ಹಾಕಿಸಿದ್ದರು. ಅಂಗಡಿಯ ದಾಸ್ತಾನಿನಿಂದ ತಾವೇ ಆರಿಸಿ ತೆಗೆದ ದಪ್ಪ ನೇಯ್ಗೆಯ ಬಟ್ಟೆ ಅದು. ಹದಿನೈದು ದಿನಗಳೊಳಗೆ ಸೋಫಾದ ಎರಡೂ ತೋಳುಗಳ ಮೂಲೆಯಲ್ಲಿ ನೂಲು ಜೋತುಬಿದ್ದಿತು.

ಒಂದು ಬೆಕ್ಕಿನ ಕಾರಣದಿಂದ ಒಂದು ಮನೆಯಲ್ಲಿ ನಾಲ್ಕು ಕಷಾಯಗಳೂ ಸರದಿಯಂತೆ ಹೇಗೆ ತಲೆಯೆತ್ತಿದವೆಂಬುದು ಗಮನಿಸತಕ್ಕದ್ದು. ಮೊದಲು ಬಂದುದು ಕ್ರೋಧ. ಕೈಗೆ ಸಿಕ್ಕ ಪತ್ರಿಕೆಯನ್ನು ಸುರುಳಿ ಮಾಡಿ ಎಸೆದರು. ಅನಂತರ ಮಾನ, ಬೀಗರು ಬಂದಾಗ ಹರಿದ ಬಟ್ಟೆ ಕಾಣದಂತೆ ಅದರ ಮೇಲೆ ಶಾಲು ಹೊದಿಸಿದರು. ಆಮೇಲೆ ಲೋಭ, ಮೀಟರಿಗೆ ಎಷ್ಟು ಬೆಲೆ, ಎಷ್ಟು ಮೀಟರು ಹಾಳು ಎಂಬ ಲೆಕ್ಕ ರಾತ್ರಿಯ ನಿದ್ದೆಯಲ್ಲಿಯೂ ನಡೆಯಿತು. ಕಡೆಗೆ ಮಾಯೆ, ಬೆಕ್ಕನ್ನು ಚೀಲದಲ್ಲಿ ಹಾಕಿಸಿ, ಅಂಗಡಿಯ ಆಳಿನ ಕೈಯಲ್ಲಿ ಅಮರಗೋಳದ ಮಾರುಕಟ್ಟೆ ಪ್ರಾಂಗಣದ ಹತ್ತಿರ ಬಿಡಿಸಿ, ಮಗುವಿಗೆ ಬೆಕ್ಕು ತಾನೇ ಓಡಿಹೋಯಿತೆಂದು ಹೇಳಿಬಿಡುವ ಯೋಚನೆ. ಅಹಿಂಸಾಣುವ್ರತಕ್ಕೆ ಬಂದ ಧಕ್ಕೆ ಸತ್ಯಾಣುವ್ರತಕ್ಕೂ ತಗಲುವುದು ಹೀಗೆಯೇ. ಆಳಿನ ಕೈಯಿಂದ ಮಾಡಿಸಿದರೆ ತನ್ನ ಕೈ ಶುದ್ಧವೆಂಬ ಭ್ರಮೆಯೂ ಅದರೊಳಗೇ ಸೇರಿತ್ತು.

ಆ ಮನೆಯಲ್ಲಿ ರಾತ್ರಿ ಅರ್ಧ ಗಂಟೆ ಸ್ವಾಧ್ಯಾಯ ನಡೆಯುವ ಪದ್ಧತಿ. ಆ ವಾರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನಡೆದಿತ್ತು. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹಿರಿಯರೇ ಓದಿ ಅರ್ಥ ಹೇಳಿದರು. ಅವರು ಗ್ರಂಥ ಮುಚ್ಚುವಾಗ ಸೊಸೆ ಮೆಲ್ಲಗೆ ಕೇಳಿದಳು: “ಮಾವಾರ, ಚೀಲದಾಗ ಕಟ್ಟಿ ಬಿಟ್ಟು ಬರೂದು ಈ ಐದರಾಗ ಯಾವುದಕ್ಕ ಬರ್ತದ್ರಿ?” ಹಿರಿಯರು ಉತ್ತರ ಹೇಳಲಿಲ್ಲ. ಆದರೆ ಮರುದಿನ ಆಳನ್ನು ಕರೆಸಲೂ ಇಲ್ಲ.

ಸೊಸೆಯ ಪ್ರಶ್ನೆಗೆ ಉತ್ತರ ಹುಡುಕುವುದು ಎಲ್ಲ ಗೃಹಸ್ಥರಿಗೂ ಹಿತಕರ. ಉಮಾಸ್ವಾಮಿಗಳು ಎಣಿಸಿದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇವೇ ಐದು ಸ್ವಲ್ಪ ಬೇರೆ ಹೆಸರುಗಳಿಂದ ಬಂದಿವೆ. ಇವು ವಿಶೇಷವಾಗಿ, ಮನುಷ್ಯನ ಅಧೀನದಲ್ಲಿರುವ ಜೀವಿಗಳ ವಿಷಯದಲ್ಲಿ ಆಗಬಹುದಾದ ತಪ್ಪುಗಳು. ಅಂದಿನ ಮನೆಯ ಎತ್ತು, ಕುದುರೆ, ಆಳುಕಾಳುಗಳಿಗೆ ಹೇಳಿದ್ದು ಇಂದಿನ ಮನೆಯ ಬೆಕ್ಕಿಗೂ ಅಕ್ಷರಶಃ ಹೊಂದುತ್ತದೆ.

ಬಂಧವೆಂದರೆ ಜೀವಿಯು ತನಗೆ ಬೇಕಾದಲ್ಲಿಗೆ ಹೋಗದಂತೆ ಕಟ್ಟಿಹಾಕುವುದು. ಚೀಲದ ಬಾಯಿ ಕಟ್ಟುವುದು, ಪರಚಿತೆಂದು ಸ್ನಾನದ ಕೋಣೆಯಲ್ಲಿ ದಿನವಿಡೀ ಕೂಡಿಹಾಕುವುದು ಇದರಲ್ಲಿ ಸೇರುತ್ತವೆ. ರಾತ್ರಿ ಹೊತ್ತು ಬೀದಿಯ ಅಪಾಯ ತಪ್ಪಿಸಲು, ಅದು ಹಕ್ಕಿ-ಇಲಿಗಳನ್ನು ಬೇಟೆಯಾಡದಂತೆ ತಡೆಯಲು, ನೀರು-ಆಹಾರವಿಟ್ಟು ಮನೆಯೊಳಗೆ ಇರಿಸಿಕೊಳ್ಳುವುದು ಬೇರೆ. ಎರಡರಲ್ಲಿಯೂ ಬಾಗಿಲು ಮುಚ್ಚಿದ್ದರೂ ಭಾವ ಒಂದಲ್ಲ.

ವಧವೆಂದರೆ ಇಲ್ಲಿ ಪ್ರಾಣ ತೆಗೆಯುವುದಲ್ಲ. ಕೋಲು, ಚಾಟಿ, ಬೆತ್ತಗಳಿಂದ ಹೊಡೆಯುವುದೆಂದು ಪೂಜ್ಯಪಾದರು ಸ್ಪಷ್ಟಪಡಿಸಿದ್ದಾರೆ. ಹೊಡೆತದಿಂದ ಬೆಕ್ಕು ಕಲಿಯುವುದೂ ಇಲ್ಲ. ಪರಚಿದ ಎಷ್ಟೋ ಹೊತ್ತಿನ ಮೇಲೆ ಬಿದ್ದ ಪೆಟ್ಟಿಗೂ ಪರಚಿದ್ದಕ್ಕೂ ಇರುವ ಸಂಬಂಧ ಅದಕ್ಕೆ ತಿಳಿಯದು. ಹೊಡೆದವರನ್ನು ಕಂಡು ಹೆದರುವುದನ್ನಷ್ಟೇ ಕಲಿತು, ಅವರಿಲ್ಲದ ವೇಳೆಯಲ್ಲಿ ಮತ್ತೆ ಪರಚುತ್ತದೆ. ಭಯಗೊಂಡ ಬೆಕ್ಕು ಇನ್ನೂ ಹೆಚ್ಚು ಪರಚುವುದೂ ಉಂಟು.

ಅನ್ನಪಾನನಿರೋಧವೆಂದರೆ ಹಸಿವೆ ಬಾಯಾರಿಕೆಗಳಲ್ಲಿ ತಡೆಯೊಡ್ಡುವುದು. “ಇವತ್ತು ಇದಕ್ಕೆ ಊಟ ಹಾಕಬೇಡಿ” ಎಂಬ ಮಾತು ಎಷ್ಟೋ ಮನೆಗಳಲ್ಲಿ ಸುಲಭವಾಗಿ ಹೊರಡುತ್ತದೆ. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವವನಿಗೆ ಹಸಿವೆಯ ರುಚಿ ಗೊತ್ತಿರುತ್ತದೆ. ಆದರೆ ಅದು ಅವನು ತಾನೇ ಆರಿಸಿಕೊಂಡ ತಪಸ್ಸು. ಮೂಕಪ್ರಾಣಿಯ ಮೇಲೆ ಹೇರಿದ ಹಸಿವೆ ತಪಸ್ಸಲ್ಲ, ದಂಡನೆ. ಅತಿಭಾರಾರೋಪಣವೆಂದರೆ ಶಕ್ತಿಗೆ ಮೀರಿದ ಹೊರೆ ಹೊರಿಸುವುದು. ಬೆಕ್ಕಿನ ಬೆನ್ನ ಮೇಲೆ ಯಾರೂ ಮೂಟೆ ಇಡುವುದಿಲ್ಲ. ಆದರೆ ಹೊರೆಯ ಅರ್ಥವನ್ನು ಸ್ವಲ್ಪ ವಿಸ್ತರಿಸಿದರೆ, ಮನುಷ್ಯನ ಶಿಷ್ಟಾಚಾರವನ್ನು ಅದರಿಂದ ನಿರೀಕ್ಷಿಸುವುದೂ ಅದರ ಸ್ವಭಾವಕ್ಕೆ ಮೀರಿದ ಹೊರೆಯೇ.

ಇನ್ನುಳಿದದ್ದು ಛೇದ, ಅಂಗಗಳನ್ನು ಕತ್ತರಿಸುವುದು. ಇದನ್ನು ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಈ ಅತಿಚಾರ ವೈದ್ಯಕೀಯದ ಬಿಳಿ ಬಟ್ಟೆ ತೊಟ್ಟು ಬರುತ್ತದೆ. ಬೆಕ್ಕಿಗೆ ಸಾಮಾನ್ಯವಾಗಿ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರುಗಳಿರುತ್ತವೆ. ಮನುಷ್ಯನ ಉಗುರು ಚರ್ಮಕ್ಕೆ ಅಂಟಿಕೊಂಡಿದ್ದರೆ, ಬೆಕ್ಕಿನದು ಬೆರಳ ತುದಿಯ ಮೂಳೆಯಿಂದಲೇ ಬೆಳೆಯುತ್ತದೆ. ಆದುದರಿಂದ ಉಗುರು ಮತ್ತೆ ಬಾರದಂತೆ ತೆಗೆಯುವುದೆಂದರೆ ಪ್ರತಿ ಬೆರಳ ಕೊನೆಯ ಗೆಣ್ಣನ್ನೇ ಕತ್ತರಿಸುವುದು. ಮುಂಗಾಲುಗಳಿಗೆ ಮಾತ್ರ ಮಾಡಿದರೂ ಹತ್ತು ಗೆಣ್ಣುಗಳು ಹೋಗುತ್ತವೆ. ಅನಂತರ ನೋವು ಬಹುಕಾಲ ಉಳಿಯಬಹುದು, ನಡಿಗೆ ಕೆಡಬಹುದು, ರಕ್ಷಣೆಯ ಸಾಧನ ಕಳೆದುಕೊಂಡ ಪ್ರಾಣಿ ಕಚ್ಚುವುದನ್ನು ಕಲಿಯಬಹುದು. ಕೆಲವು ದೇಶಗಳಲ್ಲಿ ಇದು ಬಹುಕಾಲ ಸಾಧಾರಣ ಶಸ್ತ್ರಕ್ರಿಯೆಯಂತೆ ನಡೆದುಬಂದಿತು. ಈಚೆಗೆ ಅಲ್ಲಿಯೂ ಕಣ್ಣು ತೆರೆದಿದೆ. ಸಾಕುಪ್ರಾಣಿಗಳ ರಕ್ಷಣೆಗಾಗಿ 1987ರಲ್ಲಿ ಆದ ಯುರೋಪಿನ ಒಡಂಬಡಿಕೆ, ಚಿಕಿತ್ಸೆಯ ಉದ್ದೇಶವಿಲ್ಲದ ಇಂಥ ಶಸ್ತ್ರಕ್ರಿಯೆಗಳನ್ನು ನಿಷೇಧಿಸಿತು. ಇಸ್ರೇಲ್ 2011ರಲ್ಲಿಯೂ, ಅಮೆರಿಕದ ರಾಜ್ಯಗಳಲ್ಲಿ ಮೊದಲನೆಯದಾಗಿ ನ್ಯೂಯಾರ್ಕ್ 2019ರಲ್ಲಿಯೂ ಇದನ್ನು ಕಾನೂನಿನಿಂದ ತಡೆದವು. ಈ ದೇಶಗಳು ಇತ್ತೀಚೆಗೆ ಕಾನೂನಾಗಿ ಬರೆದುಕೊಂಡುದನ್ನು ಜೈನಾಚಾರ್ಯರು ಸಾವಿರಾರು ವರ್ಷಗಳ ಹಿಂದೆ ಛೇದವೆಂಬ ಎರಡಕ್ಷರದಲ್ಲಿ ಹೇಳಿದ್ದರು. ಆ ಪರಂಪರೆಯ ಮನೆಯಲ್ಲಿ ಇಂಥ ವಿಚಾರ ತಲೆಯೆತ್ತಬಾರದು.

ಭಾರತದ ಕಾನೂನೂ ಮೌನವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣವು ಪ್ರಾಣಿಯನ್ನು ಹೊಡೆಯುವುದು, ಅಂಗಹೀನಗೊಳಿಸುವುದು, ಹಸಿವು ಬಾಯಾರಿಕೆಗಳಿಂದ ನರಳುವಂತೆ ಅಕಾರಣವಾಗಿ ತೊರೆದುಬಿಡುವುದು ಇವನ್ನೆಲ್ಲ ಅಪರಾಧವೆಂದು ಎಣಿಸಿದೆ. ಹೀಗಾಗಿ ಚೀಲದಲ್ಲಿ ಕಟ್ಟಿ ಬಿಟ್ಟುಬರುವುದು ಅತಿಚಾರ ಮಾತ್ರವಲ್ಲ, ಕಾನೂನಿನ ಕಣ್ಣಿಗೂ ಬೀಳುವಂಥದು. ಮೊದಲ ಅಪರಾಧಕ್ಕೆ ಆ ಕಾಯಿದೆ ಇಟ್ಟ ದಂಡದ ಮೇಲ್ಮಿತಿ ಐವತ್ತು ರೂಪಾಯಿ. ಸೋಫಾದ ಬಟ್ಟೆ ಒಂದು ಮೀಟರೂ ಆ ಬೆಲೆಗೆ ಬಾರದು. ಆದರೆ ವ್ರತಿಯಾದವನು ದಂಡದ ಮೊತ್ತವನ್ನು ನೋಡಿ ಪಾಪದ ತೂಕವನ್ನು ಅಳೆಯುವುದಿಲ್ಲ.

ಹಾಗಾದರೆ ಗೃಹಸ್ಥನು ಸೋಫಾವನ್ನು ಬೆಕ್ಕಿಗೆ ಒಪ್ಪಿಸಿ ಸುಮ್ಮನಿರಬೇಕೇ? ಅದರ ಅಗತ್ಯವಿಲ್ಲ. ಪರಚುವುದೇಕೆಂದು ತಿಳಿದರೆ ಪರಿಹಾರ ತಾನಾಗಿ ತೋರುತ್ತದೆ. ಬೆಕ್ಕು ಹಗೆಯಿಂದ ಪರಚುವುದಿಲ್ಲ. ಉಗುರಿನ ಹಳೆಯ ಹೊರಪೊರೆಯನ್ನು ಕಳಚಲು, ನಿದ್ದೆಯಿಂದೆದ್ದು ಬೆನ್ನು ಮತ್ತು ಹೆಗಲುಗಳನ್ನು ನೀಡಿಕೊಳ್ಳಲು, ತನ್ನ ನೆಲೆಯ ಗುರುತು ಇಡಲು ಪರಚುತ್ತದೆ. ಅದರ ಪಾದಗಳಲ್ಲಿ ವಾಸನೆಯ ಗ್ರಂಥಿಗಳಿವೆ. ಉಗುರಿನ ಗೀರು ಕಣ್ಣಿಗೆ ಕಾಣುವ ಗುರುತಾದರೆ, ಆ ವಾಸನೆ ಬೇರೆ ಬೆಕ್ಕುಗಳಿಗೆ ತಿಳಿಯುವ ಗುರುತು. ಆದುದರಿಂದಲೇ ಅದು ಮನೆಯ ಜನರೆಲ್ಲ ಕೂಡುವ ನಡುಮನೆಯನ್ನೇ ಆರಿಸುತ್ತದೆ. ಪರಚುವುದನ್ನು ನಿಲ್ಲಿಸಲು ಸಾಧ್ಯವಿಲ್ಲ, ಜಾಗವನ್ನು ಬದಲಿಸಲು ಸಾಧ್ಯ.

ಹುಬ್ಬಳ್ಳಿಯ ಆ ಮನೆಯಲ್ಲಿ ಮಾಡಿದ ಏರ್ಪಾಡು ಯಾರಿಗೂ ಕಷ್ಟದ್ದಲ್ಲ. ಬಡಗಿಯಿಂದ ಎರಡು ಮೊಳ ಎತ್ತರದ ಒಂದು ಕಂಬವನ್ನು ಅಗಲವಾದ ಭಾರದ ಹಲಗೆಯ ಮೇಲೆ ನಿಲ್ಲಿಸಿದರು. ಬೆಕ್ಕು ಪೂರ್ತಿ ಮೈ ನೀಡಿ ನಿಲ್ಲುವಷ್ಟು ಎತ್ತರವಿರಬೇಕು, ಅಲುಗಾಡಬಾರದು. ಒಮ್ಮೆ ಅಲುಗಿದ ಕಂಬವನ್ನು ಅದು ಮತ್ತೆ ನಂಬುವುದು ಕಷ್ಟ. ಕಂಬಕ್ಕೆ ತೆಂಗಿನ ನಾರಿನ ಹಗ್ಗವನ್ನು ಒತ್ತೊತ್ತಾಗಿ ಸುತ್ತಿದರು. ಗೋಣಿತಾಟೂ ಆಗುತ್ತದೆ. ಅದನ್ನು ಯಾವುದೋ ಮೂಲೆಯಲ್ಲಿಡದೆ ಹರಿದ ಸೋಫಾದ ಪಕ್ಕದಲ್ಲಿಯೇ ಇಟ್ಟರು. ಸೋಫಾದ ಮೂಲೆಗಳಿಗೆ ನುಣುಪಾದ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿದರು. ಉಗುರು ಹಿಡಿಯದ ಜಾಗ ಬೆಕ್ಕಿಗೆ ರುಚಿಸದು. ಕಂಬಕ್ಕೆ ಪರಚಿದಾಗಲೆಲ್ಲ ಮೊಮ್ಮಗಳು ಅದರ ತಲೆ ಸವರಿ ಒಂದು ತುಣುಕು ತಿಂಡಿ ಕೊಟ್ಟಳು. ಎರಡು ಮೂರು ವಾರಗಳಿಗೊಮ್ಮೆ ಉಗುರಿನ ತುದಿಯನ್ನು ಮಾತ್ರ ಕತ್ತರಿಸುವುದನ್ನು ಸೊಸೆ ಪಶುವೈದ್ಯರಿಂದ ಕಲಿತಳು. ಉಗುರಿನೊಳಗೆ ನಸುಗೆಂಪಾಗಿ ಕಾಣುವ ಭಾಗದಲ್ಲಿ ರಕ್ತ ಮತ್ತು ನರ ಇರುವುದರಿಂದ ಅದನ್ನು ಮುಟ್ಟಬಾರದು. ಮಗುವಿನ ಉಗುರು ಕತ್ತರಿಸುವಷ್ಟೇ ಎಚ್ಚರ ಸಾಕು. ಇದು ಛೇದವಲ್ಲ, ಆರೈಕೆ. ಒಂದೆರಡು ತಿಂಗಳಲ್ಲಿ ಕಂಬದ ಹಗ್ಗ ಜುಂಗುಜುಂಗಾಯಿತು; ಸೋಫಾದ ಹೊಸ ಗೀರುಗಳು ನಿಂತವು. ಹಳೆಯ ಗೀರುಗಳು ಹಾಗೆಯೇ ಉಳಿದವು.

ಹಳೆಯ ಗೀರುಗಳ ಮಾತು ಮುಖ್ಯವಾದುದು. ಜಾಣತನದಿಂದ ಬೆಕ್ಕಿನ ಸಮಸ್ಯೆ ಬಗೆಹರಿದರೂ ಗೃಹಸ್ಥನ ಸಮಸ್ಯೆ ಬಗೆಹರಿದಂತಾಗಲಿಲ್ಲ. ಪರಿಗ್ರಹವೆಂದರೆ ವಸ್ತುವಿಗಿಂತ ಹೆಚ್ಚಾಗಿ ವಸ್ತುವಿನ ಮೇಲಿನ ಮೂರ್ಛೆಯೆಂದು ಸೂತ್ರಕಾರರು ಹೇಳಿದ್ದಾರೆ. ವ್ಯಾಪಾರಿಗೆ ಇದು ತಿಳಿಯದ ಲೆಕ್ಕವಲ್ಲ. ಅಂಗಡಿಯ ಪೀಠೋಪಕರಣಕ್ಕೆ ಆದಾಯ ತೆರಿಗೆಯ ಲೆಕ್ಕದಲ್ಲಿ ವರ್ಷಕ್ಕೆ ಶೇಕಡ 10ರಂತೆ ಸವಕಳಿ ಬರೆಯುವಾಗ ಅವನ ಕಣ್ಣಲ್ಲಿ ನೀರು ಬರುವುದಿಲ್ಲ. ವಸ್ತು ಸವೆಯುತ್ತದೆಂದು ಅವನ ಲೆಕ್ಕದ ಪುಸ್ತಕ ಮೊದಲೇ ಒಪ್ಪಿಕೊಂಡಿರುತ್ತದೆ. ಕಾಲ ಸವೆಸಿದರೆ ಅದು ಸವಕಳಿ, ಬೆಕ್ಕು ಸವೆಸಿದರೆ ಅಪರಾಧ ಎಂಬ ಭೇದ ಎಲ್ಲಿಂದ ಬಂದಿತು? ಕಾಲದ ಮೇಲೆ ಕೈಯೆತ್ತಲು ಸಾಧ್ಯವಿಲ್ಲ, ಬೆಕ್ಕಿನ ಮೇಲೆ ಸಾಧ್ಯ, ಭೇದವಿರುವುದು ಇಷ್ಟೇ. ದುರ್ಬಲ ಜೀವಿಯ ಮೇಲೆ ಮಾತ್ರ ಎದ್ದುಬರುವ ಕೋಪವನ್ನು ನ್ಯಾಯವೆಂದು ಕರೆಯಲಾಗದು. ಪರಿಗ್ರಹಪರಿಮಾಣವ್ರತ ಹಿಡಿದವನು ಇಷ್ಟು ಚಿನ್ನ, ಇಷ್ಟು ಭೂಮಿ ಎಂದು ಮಿತಿ ಹಾಕಿಕೊಳ್ಳುತ್ತಾನೆ. ಮಿತಿಯೊಳಗಿನ ಒಂದು ಸೋಫಾದ ಮೇಲೆ ಮಿತಿಯಿಲ್ಲದ ಮೋಹವಿದ್ದರೆ ಆ ವ್ರತ ಕಾಗದದ ಮೇಲಿನದಾಗುತ್ತದೆ.

ಕನ್ನಡದ ಶ್ರಾವಕರಿಗೆ ಜನ್ನನ ಯಶೋಧರಚರಿತೆಯ ಕಥೆ ಪರಿಚಿತವಾದುದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯಿಂದಲೇ ಯಶೋಧರನೂ ಅವನ ತಾಯಿ ಚಂದ್ರಮತಿಯೂ ತಿರ್ಯಗ್ಗತಿಗೆ ಬಿದ್ದರು. ನವಿಲಾಗಿ ನಾಯಿಯಾಗಿ ಹುಟ್ಟಿ, ತಮ್ಮ ವಂಶದ ಯಶೋಮತಿಯ ಅರಮನೆಗೇ ಸಾಕುಪ್ರಾಣಿಗಳಾಗಿ ಬಂದರು. ಅರಮನೆಯವರಿಗೆ ಅವರ ಗುರುತು ಹತ್ತಲಿಲ್ಲ. ಈ ಕಥೆಯನ್ನು ಕೇಳಿ ಬೆಳೆದವರು ಮನೆಯ ಮೂಲೆಯಲ್ಲಿ ಮಲಗಿದ ಪ್ರಾಣಿಯ ಮೇಲೆ ಪೊರಕೆ ಎತ್ತುವ ಮುನ್ನ ಒಂದು ಕ್ಷಣ ನಿಲ್ಲಬೇಕು. ಪೆಟ್ಟು ತಗಲದೆ ತಪ್ಪಿದರೂ, ಎತ್ತಿದ ಕೈಯ ಹಿಂದಿನ ಭಾವ ತನ್ನ ಕೆಲಸ ಮಾಡಿಯೇ ಮಾಡುತ್ತದೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇದರಲ್ಲಿ ವಿಚಾರವಿದೆ. ಅರ್ಪಿಸಿದ ಅಕ್ಷತೆ, ಉಗ್ರಾಣದ ಕಾಳುಕಡಿ ಇರುವಲ್ಲಿ ಇಲಿ ಬರುತ್ತದೆ, ಇಲಿಯ ಹಿಂದೆ ಬೆಕ್ಕು ಬರುತ್ತದೆ. ಅಲ್ಲಿಂದ ಅದು ಯಾತ್ರಿನಿವಾಸದ ಹಾಸಿಗೆ, ಸಭಾಭವನದ ಮೆತ್ತೆಗಳನ್ನು ಪರಚುತ್ತದೆ. ಆಗ ಕಾವಲುಗಾರನಿಗೆ “ಓಡಿಸಿಬಿಡು” ಎಂದು ಹೇಳಿ ಅವನು ಹೇಗೆ ಓಡಿಸುತ್ತಾನೆಂದು ಕೇಳದಿರುವುದು ಕಾರಿತದೋಷದಿಂದ ಬಿಡಿಸದು. ಕಾಳನ್ನು ಮುಚ್ಚಳದ ತಗಡಿನ ಡಬ್ಬಿಗಳಲ್ಲಿಡುವುದು, ಅಕ್ಷತೆಯನ್ನು ಅಂದಂದೇ ತೆಗೆಯುವುದು, ಉಗ್ರಾಣದ ಬಾಗಿಲ ಕೆಳಗಿನ ಸಂದು ಮುಚ್ಚಿಸುವುದು ಮೂಲದ ಪರಿಹಾರಗಳು. ಇಲಿಗೆ ಆಹಾರ ಸಿಗದಿದ್ದರೆ ಬೆಕ್ಕಿಗೆ ಅಲ್ಲಿ ಕೆಲಸವಿಲ್ಲ. ಈಗಾಗಲೇ ನೆಲೆಸಿದ ಬೆಕ್ಕಿದ್ದರೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ಹೊರಗೋಡೆಯ ಬಳಿ ಒಂದು ನಾರಿನ ಕಂಬ ನಿಲ್ಲಿಸುವ ಖರ್ಚು ಒಂದು ಮೆತ್ತೆಯ ಬೆಲೆಯನ್ನು ಮೀರದಿರಬಹುದು. ಚಿಕಿತ್ಸೆಯೂ ಶಸ್ತ್ರಕ್ರಿಯೆಯಲ್ಲವೇ ಎಂದು ಕೇಳುವವರುಂಟು. ವಸ್ತು ಉಳಿಸಲು ಮಾಡುವುದಕ್ಕೂ, ಬೀದಿಯಲ್ಲಿ ಹುಟ್ಟಿ ಹಸಿವೆ ರೋಗಗಳಿಂದ ಸಾಯುವ ಮರಿಗಳ ಸಂಕಟ ತಪ್ಪಿಸಲು ಅರಿವಳಿಕೆ ಕೊಟ್ಟು ಮಾಡಿಸುವುದಕ್ಕೂ ಭಾವದಲ್ಲಿ ಅಂತರವಿದೆ. ಆದರೂ ಇಂಥ ವಿಷಯಗಳಲ್ಲಿ ಆಯಾ ಮಂಡಳಿಯು ತಿಳಿದವರೊಡನೆ ಚರ್ಚಿಸಿಯೇ ನಿರ್ಧರಿಸುವುದು ಲೇಸು.

ಮನೆಯ ಮಕ್ಕಳು ಧರ್ಮವನ್ನು ಪಾಠಶಾಲೆಯಲ್ಲಿ ಕಲಿಯುವುದಕ್ಕಿಂತ ಹೆಚ್ಚಾಗಿ, ಒಂದು ವಸ್ತು ಕೆಟ್ಟಾಗ ಹಿರಿಯರು ನಡೆದುಕೊಳ್ಳುವ ರೀತಿಯಿಂದ ಕಲಿಯುತ್ತಾರೆ. ಬೆಕ್ಕು ಓಡಿಹೋಯಿತೆಂಬ ಸುಳ್ಳನ್ನು ಒಂದು ದಿನ ತಿಳಿದುಕೊಳ್ಳುವ ಮಗು, ಅಹಿಂಸೆಯ ಮೇಲಿನ ನೂರು ಪ್ರವಚನಗಳನ್ನೂ ಅದೇ ಖಾತೆಗೆ ಬರೆದುಕೊಳ್ಳುತ್ತದೆ. ಹರಿದ ಬಟ್ಟೆಯನ್ನು ನೇಕಾರನು ಮತ್ತೆ ನೇಯ್ದುಕೊಡಬಲ್ಲನು. ಕತ್ತರಿಸಿದ ಬೆರಳ ಗೆಣ್ಣನ್ನಾಗಲಿ, ಮಗುವಿನ ಮನಸ್ಸಿನಲ್ಲಿ ಮುರಿದ ನಂಬಿಕೆಯನ್ನಾಗಲಿ ಜೋಡಿಸಿಕೊಡುವ ಕುಶಲಿ ಇನ್ನೂ ಹುಟ್ಟಿಲ್ಲ. ಯಾವುದಕ್ಕೆ ಬೆಲೆ ಹೆಚ್ಚೆಂಬುದನ್ನು, ಲಾಭನಷ್ಟ ಬಲ್ಲ ಗೃಹಸ್ಥರಿಗೆ ವಿವರಿಸಿ ಹೇಳಬೇಕಾಗಿಲ್ಲ.